ಕೆರೆಯಂಗಳದ ಮಂಗಳವಾರ

ಮೂರನೆಯ ಸಲವೂ ಅದೇ ಮೇಲ್ಸೇತುವೆಯ ಕೆಳಗೆ ಬಂದು ನಿಂತಾಗ, ದಾರಿ ತಪ್ಪಿದೆ ಎಂದು ಮುಂಗುಸಿ ಕೆಂಚಕ್ಕ ಒಪ್ಪಿಕೊಳ್ಳಲೇಬೇಕಾಯಿತು. ಅವಳ ಹಿಂದೆ ಎರಡು ಮೇಕೆ ಮರಿ, ಒಂದು ಹಂದಿ ಮರಿ, ಒಂದು ಕತ್ತೆ ಮರಿ. ಕತ್ತೆ ಮರಿಯ ಬಾಯಲ್ಲಿ ಹಳೆಯ ಕಾಲುಚೀಲಕ್ಕೆ ಚಿಂದಿ ತುಂಬಿ ಕಟ್ಟಿದ ಚೆಂಡು.

ರಸ್ತೆಯ ನಟ್ಟನಡುವೆ ಒಂದು ಎಮ್ಮೆ ನಿಂತಿತ್ತು. ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುವಂತೆ ಬಸ್ಸು, ಆಟೋಗಳು ಅದನ್ನು ಬಳಸಿ ಹೋಗುತ್ತಿದ್ದವು.

"ಎಮ್ಮೆಯಮ್ಮ, ಈ ಊರಲ್ಲಿ ಫುಟ್‌ಬಾಲ್ ಆಡೋಕೆ ಎಲ್ಲಾದರೂ ಜಾಗ ಇದೆಯಾ?" ಎಂದು ಕೇಳಿದಳು ಕೆಂಚಕ್ಕ.

ಎಮ್ಮೆ ಬಾಯಲ್ಲಿದ್ದ ಮೆಲುಕು ಮುಗಿಸಿತು. ಆಮೇಲೆ ಹೇಳಿತು: "ನಿಲ್ಲೋಕೆ ಜಾಗ ಸಿಗದೆ ನಾನೇ ಇಲ್ಲಿ ನಿಂತಿದ್ದೀನಿ. ನೀನು ಓಡೋಕೆ ಜಾಗ ಕೇಳ್ತಿದ್ದೀಯ. ಎಲ್ಲೆಲ್ಲಿ ನೋಡಿದೆ?"

ನೋಡದ ಜಾಗವಿರಲಿಲ್ಲ, ಮಕ್ಕಳೇ. ಉದ್ಯಾನದಲ್ಲಿ ಬಾತುಕೋಳಿಗಳು, "ಇಲ್ಲಿ ನಡೆಯಬಹುದು, ಕೂರಬಹುದು, ಓಡುವಂತಿಲ್ಲ" ಎಂದಿದ್ದವು. ಕಾರುಗಳು ನಿಲ್ಲುವ ಬಯಲಿನಲ್ಲಿ, ಪ್ರತಿ ಕಾರಿನ ಕೆಳಗೂ ಮಲಗಿದ್ದ ಬೆಕ್ಕುಗಳು ಒಂದೊಂದೇ ಕಣ್ಣು ತೆರೆದು ಗುರುಗುಟ್ಟಿದ್ದವು. ಶಾಲೆಯ ಮೈದಾನಕ್ಕೆ ಬೀಗ. ಮಹಡಿಯ ಮೇಲೆ ಆಡಿದರೆ ಮೊದಲ ಒದೆತಕ್ಕೇ ಚೆಂಡು ನಾಲ್ಕು ಮಹಡಿ ಕೆಳಗೆ.

ಕೆಂಚಕ್ಕ ಈ ಊರಿನವಳಲ್ಲ. ಈರುಳ್ಳಿ ಲಾರಿಯಲ್ಲಿ ಕೂತು ಬಂದವಳು. ಹತ್ತು ದಿನಕ್ಕಿಂತ ಹೆಚ್ಚು ಯಾವ ಊರಿನಲ್ಲೂ ನಿಂತವಳಲ್ಲ. ಓಣಿಯ ಚರಂಡಿ ಪಕ್ಕದಲ್ಲಿ ಈ ಮರಿಗಳು ಆಡುವುದನ್ನೂ, ಮೂರು ಒದೆತಕ್ಕೊಮ್ಮೆ ಚೆಂಡು ಚರಂಡಿಗೆ ಬೀಳುವುದನ್ನೂ ಕಂಡು, "ಹದಿನೆಂಟು ಊರು ನೋಡಿದ್ದೀನಿ. ಒಂದು ಮೈದಾನ ಹುಡುಕಿಕೊಡೋದು ಯಾವ ದೊಡ್ಡ ಕೆಲಸ?" ಎಂದುಬಿಟ್ಟಿದ್ದಳು. ಇಂದಿಗೆ ನಾಲ್ಕನೆಯ ದಿನ.

"ಇವತ್ತೂ ಸಿಗದಿದ್ದರೆ ನಾನು ಅಮ್ಮನ ಜೊತೆ ಬಟ್ಟೆ ಹೊರೋಕೆ ಹೋಗ್ತೀನಿ. ಆಟ ಸಾಕು," ಎಂದಿತು ಕತ್ತೆ ಮರಿ.

"ನೀನಿಲ್ಲದೆ ಗೋಲು ಕಾಯೋರು ಯಾರು?" ಎಂದಳು ಬಿಳಿಕಿವಿ. ಮೇಕೆ ಮರಿಗಳಲ್ಲಿ ಹಿರಿಯಳು, ತಂಡದ ನಾಯಕಿ. ಅವಳ ದನಿ ಆಗಲೇ ಒದ್ದೆಯಾಗಿತ್ತು.

ಎಮ್ಮೆ ಬಾಲ ಬೀಸಿ ಎಡಕ್ಕೆ ತೋರಿಸಿತು. "ಬಟ್ಟೆ ಗಿರಣಿಯ ಹಿಂದೆ ಬತ್ತಿದ ಕೆರೆ ಇದೆ. ಅಲ್ಲಿ ಟಿಟ್ಟಿಭ ಹಕ್ಕಿ ಅಜ್ಜಿ ಇದ್ದಾಳೆ. ಅವಳನ್ನು ಕೇಳು. ಕೇಳಿದ್ದು ಮಾತ್ರ ಸಾಲದು, ಅವಳು ಹೇಳಿದ್ದನ್ನೂ ಕೇಳು."

ಕೆರೆಯಂಗಳ ಕಂಡದ್ದೇ ಮರಿಗಳು ದಡದ ಮೇಲೇ ನಿಂತುಬಿಟ್ಟವು. ಅಂಗೈಯಷ್ಟು ಸಮತಟ್ಟು, ಆಕಾಶದಷ್ಟು ಅಗಲ. ಒಂದು ಮೂಲೆಯಲ್ಲಿ ಬೆಣಚುಕಲ್ಲುಗಳ ಬಳೆ, ಅದರೊಳಗೆ ನಾಲ್ಕು ಚುಕ್ಕೆಮೊಟ್ಟೆ. ಪಕ್ಕದಲ್ಲಿ ಕಡ್ಡಿಕಾಲಿನ ಟಿಟ್ಟಿಭ ಅಜ್ಜಿ.

"ಬರೀ ಖಾಲಿ ಬಿದ್ದಿದೆಯಲ್ಲ ಅಜ್ಜಿ," ಎಂದಳು ಕೆಂಚಕ್ಕ, ಒಬ್ಬಳೇ ಮುಂದೆ ಹೋಗಿ.

"ಈ ಊರಲ್ಲಿ ಖಾಲಿ ಅನ್ನೋದು ಯಾವುದೂ ಇಲ್ಲಮ್ಮ. ಶನಿವಾರ ನಾಯಿಗಳದು, ಗುರುವಾರ ದೊಡ್ಡ ಮೇಕೆಗಳದು, ಭಾನುವಾರ ಕಾಗೆಗಳದು. ಮಂಗಳವಾರವನ್ನು ಯಾರೂ ಕೇಳಿಲ್ಲ. ಅದು ನಿಮ್ಮ ಮರಿಗಳಿಗಿರಲಿ."

"ಇವತ್ತು ಮಂಗಳವಾರವೇ."

"ಈ ವಾರ ಬೇಡ. ಮೊನ್ನೆ ಮಳೆ ಬಂದಿದೆ." ಅಜ್ಜಿ ಒಂದು ಕಾಲನ್ನು ನೆಲಕ್ಕೆ ಊರಿ ಎತ್ತಿ ತೋರಿಸಿದಳು. ಬೆರಳಿಗೆ ಮಣ್ಣು ಮೆತ್ತಿತ್ತು. "ಇಲ್ಲಿಯ ಪದ್ಧತಿ ಇಷ್ಟೇ. ಕಾಲೂರಿ ಎತ್ತಬೇಕು. ಮಣ್ಣು ಕಾಲಿನ ಜೊತೆ ಬಂದರೆ ಅವತ್ತು ಆಟವಿಲ್ಲ."

ಕೆಂಚಕ್ಕನಿಗೆ ನಗು ಬಂತು. "ಅಜ್ಜಿ, ಕಡಲ ದಂಡೆಯಲ್ಲಿ ಧೋ ಅಂತ ಸುರಿಯೋ ಮಳೆಯಲ್ಲೇ ಆಡಿದವಳು ನಾನು. ಮಾರನೇ ದಿನ ನೆಲದ ಮೇಲೆ ಒಂದು ಗುರುತೂ ಇರಲಿಲ್ಲ."

"ಅದು ಮರಳು. ಇದು ಕೆರೆಯ ಜೇಡಿ," ಎಂದಷ್ಟೇ ಹೇಳಿ ಅಜ್ಜಿ ಹುಳ ಹೆಕ್ಕಲು ದಡ ದಾಟಿ ದೂರ ಹಾರಿಹೋದಳು.

ಮರಿಗಳು ದೂರದಿಂದ ಕೂಗಿದವು: "ಏನಂದಳು ಕೆಂಚಕ್ಕ?"

ಕೆಂಚಕ್ಕ ಆ ನಾಲ್ಕು ಮುಖಗಳನ್ನು ನೋಡಿದಳು. ಇನ್ನೊಂದು ವಾರ ಕಾಯಿರಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಕಾಯುವ ಅಭ್ಯಾಸ ಅವಳಿಗೇ ಇರಲಿಲ್ಲವಲ್ಲ. "ಮಂಗಳವಾರ ನಿಮ್ಮದಂತೆ. ಆಡಿ," ಎಂದಳು.

ಎಂಥ ಆಟ ಅದು. ಹಂದಿ ಮರಿ ಹೊಟ್ಟೆಯ ಮೇಲೆ ಜಾರಿಕೊಂಡೇ ಎರಡು ಗೋಲು ಹೊಡೆಯಿತು. ಕತ್ತೆ ಮರಿ ಗೊರಸೂರಿ, ಹಾರಿ, ಬಿದ್ದು, ಆರು ಗೋಲು ತಡೆಯಿತು. ಕೊನೆಯ ಗೋಲು ಕೆಂಚಕ್ಕನದೇ. ಆ ಹಿಗ್ಗಿಗೆ ಮೊಟ್ಟೆಗಳ ಮೂಲೆಯವರೆಗೂ ಓಡಿ ಅಲ್ಲೇ ಗಿರಗಿರ ಕುಣಿದಳು.

ಆಮೇಲೆ ಬಿಸಿಲು ಬಂತು. ಒಂದು ದಿನ, ಎರಡು ದಿನ. ಕೆರೆಯ ಜೇಡಿ ಎಂದರೆ ಹಾಗೆಯೇ. ಒದ್ದೆಯಿದ್ದಾಗ ಬೆಣ್ಣೆ, ಒಣಗಿದರೆ ಇಟ್ಟಿಗೆ. ಪ್ರತಿ ಗೊರಸಿನ ಗುರುತೂ, ಪ್ರತಿ ಜಾರಿದ ಗೀರೂ ಬಿದ್ದಲ್ಲೇ ಗಟ್ಟಿಯಾಯಿತು. ಗುರುವಾರ ಬಂದ ದೊಡ್ಡ ಮೇಕೆಗಳು ನೆಲ ನೋಡಿ ಹಿಂದಿರುಗಿದವು. ಶನಿವಾರ ನಾಯಿಗಳ ನಾಯಕ ಭೈರಣ್ಣ ನೋಡದೆ ಓಡಿದ. ಮೂರನೆಯ ಹೆಜ್ಜೆಗೆ ಮುಂಗಾಲು ಉಳುಕಿತು.

ಸಂಜೆ ಎಲ್ಲರೂ ಸೇರಿದರು. ಭೈರಣ್ಣ ಕಾಲನ್ನು ಎತ್ತಿ ಹಿಡಿದೇ ಹೇಳಿದ: "ಇದು ಕತ್ತೆಯ ಗೊರಸು. ಇದು ಮೇಕೆ ಮರಿಯದು. ಇನ್ನು ಈ ಮರಿಗಳಿಗೆ ಮಂಗಳವಾರವೂ ಬೇಡ, ಯಾವ ವಾರವೂ ಬೇಡ."

ಆ ಹೊತ್ತಿಗೆ ಕೆಂಚಕ್ಕ ಗಿರಣಿಯ ಹಿಂದೆ ಬಾಳೆಕಾಯಿ ಲಾರಿಯ ಮೇಲೆ ಜಾಗ ಹಿಡಿದಾಗಿತ್ತು. ಲಾರಿ ಹೊರಡಲು ಸಿದ್ಧವಾಗಿತ್ತು. ಬಿಳಿಕಿವಿ ಏದುಸಿರು ಬಿಡುತ್ತ ಬಂದು ಕೆಳಗೆ ನಿಂತಳು.

"ಕೆಂಚಕ್ಕ, ನಮ್ಮ ಮಂಗಳವಾರ ಹೋಯ್ತು. ಅಜ್ಜಿ ಆಡಿ ಅಂದಿದ್ದಳಲ್ವಾ? ನೀನು ಬಂದು ಒಂದು ಮಾತು ಹೇಳು."

ಲಾರಿ ಗುಡುಗಿತು. ಹದಿನೆಂಟು ಊರುಗಳಲ್ಲಿ ಕೆಂಚಕ್ಕ ಏನೇನು ಕೆಡಿಸಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಹನ್ನೊಂದನೆಯ ದಿನ ಎಲ್ಲಿಯೂ ಇದ್ದು ನೋಡಿದವಳಲ್ಲ. ಲಾರಿ ಚಲಿಸಿತು. ಅವಳು ಕೆಳಕ್ಕೆ ಹಾರಿದಳು.

ಕೆರೆಯಂಗಳದಲ್ಲಿ ಎಲ್ಲರ ಎದುರು ಹೇಳಿದಳು: "ಅಜ್ಜಿ ಬೇಡ ಅಂದಿದ್ದಳು. ನಾನು ಮರಿಗಳಿಗೆ ಹೇಳಲಿಲ್ಲ. ತಪ್ಪು ನನ್ನದು, ಅವುಗಳದಲ್ಲ."

"ತಪ್ಪು ಯಾರದಾದರೇನು? ಕಾಲು ನಂದು," ಎಂದು ಗೊಣಗಿದ ಭೈರಣ್ಣ.

ಟಿಟ್ಟಿಭ ಅಜ್ಜಿ ಕೇಳಿದಳು: "ನೆಲದ ಋಣ ಇದು. ತೀರಿಸ್ತೀಯಾ?"

"ಎಷ್ಟು ದಿನ ಬೇಕು?"

"ನೆಲ ಹೇಳಿದಷ್ಟು."

"ತೀರಿಸ್ತೀನಿ. ತೀರಿದ ಮೇಲೆ ಮಂಗಳವಾರವನ್ನು ಮರಿಗಳಿಗೇ ಕೊಡಬೇಕು."

ಭೈರಣ್ಣ ಅಜ್ಜಿಯ ಮುಖ ನೋಡಿದ. ಅಜ್ಜಿ ಆಗಲಿ ಎಂದಳು.

ದಿನವೂ ಬೆಳಗ್ಗೆ ಕೆಂಚಕ್ಕ ಉಗುರಿನಿಂದ ಗಟ್ಟಿಯಾದ ಉಬ್ಬುಗಳನ್ನು ಕೆರೆದು ಪುಡಿ ಮಾಡಿದಳು, ಪುಡಿಯನ್ನು ಗುಳಿಗೆ ತುಂಬಿದಳು. ಗಾಳಿ ಬಂದು ಪುಡಿಯನ್ನು ಹೊತ್ತೊಯ್ಯಿತು. ಮತ್ತೆ ತುಂಬಿದಳು. "ಒಣಮಣ್ಣು ಕೂರೋದಿಲ್ಲ ಕಣಮ್ಮ, ಮಳೆ ಬರಬೇಕು," ಎಂದಳು ಅಜ್ಜಿ. ಕೆರೆಯುವುದು ಕಷ್ಟವಾಗಲಿಲ್ಲ; ಕಾಯುವುದು ಕಷ್ಟವಾಯಿತು. ಸಂಜೆಯಾದರೆ ಲಾರಿಗಳ ಸದ್ದು ಕಿವಿಗೆ ಬೀಳುತ್ತಿತ್ತು. ಅವಳು ಬೆನ್ನು ತಿರುಗಿಸಿ ಕೂರುತ್ತಿದ್ದಳು. ಹತ್ತು ದಿನವಾಯಿತು, ಹದಿನೈದಾಯಿತು. ಮೊಟ್ಟೆಗಳೊಡೆದು ನಾಲ್ಕು ಮರಿಗಳು ಬಂದವು. ಇನ್ನೂ ಹಾರಲಾರದ ಅವು ರಾತ್ರಿ ಆ ಕಲ್ಲಿನ ಬಳೆಯ ಪಕ್ಕದಲ್ಲೇ ಅಜ್ಜಿಯ ರೆಕ್ಕೆಯಡಿ ಮಲಗುತ್ತಿದ್ದವು.

ಇಪ್ಪತ್ತೊಂದನೆಯ ದಿನ ಮಳೆ ಬಂತು.

ಕೆಂಚಕ್ಕ ಆತುರಪಡಲಿಲ್ಲ. ಮರುದಿನ ಕಾಲೂರಿ ಎತ್ತಿದಳು, ಮಣ್ಣು ಮೆತ್ತಿತು. ಅದರ ಮರುದಿನ ಮಣ್ಣು ಮೆತ್ತಲಿಲ್ಲ, ಆದರೆ ಒತ್ತಿದರೆ ತಗ್ಗುತ್ತಿತ್ತು. ಈಗ ಸರಿ ಎಂದುಕೊಂಡು ಮೇಲ್ಸೇತುವೆಗೆ ಓಡಿದಳು. ಈ ಸಲ ದಾರಿ ತಪ್ಪಲಿಲ್ಲ.

"ದಾರಿ ಕೇಳಿ ಹೋದವಳು, ಸಿಕ್ಕಿತು ಅಂತ ಒಂದು ಮಾತು ಹೇಳಲಿಲ್ಲ," ಎಂದಿತು ಎಮ್ಮೆ.

"ಹೇಳೋ ಮುಖ ಇರಲಿಲ್ಲ ಎಮ್ಮೆಯಮ್ಮ. ಈಗ ಇನ್ನೊಂದು ಉಪಕಾರ ಕೇಳೋಕೆ ಬಂದಿದ್ದೀನಿ. ಕೆರೆಯಂಗಳದ ಮಣ್ಣು ಹದವಾಗಿದೆ, ಅದರ ಮೇಲೆ ನೀನು ಒಂದು ಸಲ ಉರುಳಬೇಕು."

"ಹದವಾದ ಮಣ್ಣಲ್ಲಿ ಹೊರಳಾಡೋಕೆ ನನ್ನನ್ನು ಬೇಡಿಕೊಳ್ಳಬೇಕಾ?" ಎಂದು ಎಮ್ಮೆ ಹೊರಟೇಬಿಟ್ಟಿತು.

ಅದು ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಹೊರಳಿತು. ಹಿಂದೆ ನೆಲ ಚಾಪೆ ಹಾಸಿದಂತಾಯಿತು. ಅಜ್ಜಿಯ ಮೂಲೆಗೆ ಮಾತ್ರ ಹೋಗಲಿಲ್ಲ. ಪುಟ್ಟ ಹಕ್ಕಿಗಳಿದ್ದ ಕಡೆ ಆ ಮೈ ಉರುಳುವಂತಿರಲಿಲ್ಲ.

ಮರುದಿನವೇ ಮಂಗಳವಾರ. ದಡದ ಮೇಲೆ ಮರಿಗಳು ಸಾಲಾಗಿ ನಿಂತಿದ್ದವು, ಚೆಂಡು ಕತ್ತೆ ಮರಿಯ ಬಾಯಲ್ಲಿ. ಕುಂಟುತ್ತ ಬಂದ ಭೈರಣ್ಣನೂ ನೋಡುತ್ತ ಕೂತ.

ಉಳಿದದ್ದು ಆ ಮೂಲೆಯೊಂದೇ. ಅಲ್ಲಿ ಗೊರಸಿನ ಗುರುತಿರಲಿಲ್ಲ. ಐದೈದು ಬೆರಳಿನ ಸಣ್ಣ ಹೆಜ್ಜೆಗಳು, ಗಿರಗಿರ ಸುತ್ತಿದ ಹೆಜ್ಜೆಗಳು. ಕೆಂಚಕ್ಕನವೇ. ಅವಳು ಒಂದೊಂದನ್ನೇ ತುಂಬಿ, ಅಂಗಾಲಿನಿಂದ ತಟ್ಟಿ ತಟ್ಟಿ ಕೂರಿಸಿದಳು. ಕೊನೆಯದರ ಮೇಲೆ ಕಾಲೂರಿ ಎತ್ತಿದಳು. ತಿರುಗಿಸಿ ತೋರಿಸಿದಳು. ಅಂಗಾಲಿನಲ್ಲಿ ಮಣ್ಣಿರಲಿಲ್ಲ.

"ತೀರಿತಾ ಅಜ್ಜಿ?"

ಅಜ್ಜಿ ಕಡ್ಡಿಕಾಲಿನಲ್ಲಿ ಅಂಗಳವನ್ನೆಲ್ಲ ಒಂದು ಸುತ್ತು ನಡೆದು ಬಂದಳು. "ತೀರಿತು," ಎಂದಳು. ಕತ್ತೆ ಮರಿ ಚೆಂಡನ್ನು ಕೆಳಗಿಟ್ಟಿತು.

ನೀತಿ: ಹದಿನೆಂಟು ಊರು ಕಂಡವರೂ ಹತ್ತೊಂಬತ್ತನೆಯ ಊರಿನ ನೆಲದ ಗುಣವನ್ನು ಅಲ್ಲಿ ಬಾಳುವವರಿಂದಲೇ ಕೇಳಿ ತಿಳಿಯಬೇಕು, ಕೆಡಿಸಿದ್ದನ್ನು ಸರಿಪಡಿಸಿದ ಮೇಲೆಯೇ ಮುಂದಿನ ದಾರಿ ಹಿಡಿಯಬೇಕು.