ಜನರೇಟರ್ ಕೇಳಿದ ಸದ್ದು

ಜಮೈಕಾದ ಕಡಲ ದಡದಲ್ಲೊಂದು ಸಣ್ಣ ಆಸ್ಪತ್ರೆ. ಚಂಡಮಾರುತ ಹಾದುಹೋದ ಮೇಲೆ ಎಣ್ಣೆಯ ಹಡಗು ಬರಲಿಲ್ಲ. ಅಲ್ಲಿನ ಮುದಿ ಡೀಸೆಲ್ ಜನರೇಟರ್ ಕೆಮ್ಮಿ ನಿಂತಿತು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸೊಂದು ಕಾವಿಗಾಗಿ ಕರೆಂಟನ್ನೇ ನಂಬಿತ್ತು.

"ಇನ್ನು ಕೂಸು ಉಳಿಯದು," ಎಂದಿತು ಜನರೇಟರ್.

"ಉಳಿಯುತ್ತದೆ ಅಜ್ಜ, ಕರೆಂಟು ನಾನು ಕೊಡುತ್ತಿದ್ದೇನೆ," ಎಂದಿತು ಚಾವಣಿಯ ಸೌರಫಲಕ.

"ಸುಳ್ಳು. ಸದ್ದೆಲ್ಲಿ? ಹೊಗೆಯೆಲ್ಲಿ? ಬಿಸಿಲಿಗೆ ಮೈಯೊಡ್ಡಿ ಮಲಗುವುದೂ ಒಂದು ಕೆಲಸವೇನೋ?"

"ಒಳಗೆ ಸ್ವಲ್ಪ ಕಿವಿಗೊಡಿ."

ಜನರೇಟರ್ ಕಿವಿಗೊಟ್ಟಿತು. ಕೂಸು ಗಟ್ಟಿಯಾಗಿ ಅಳುತ್ತಿತ್ತು. ಇಷ್ಟು ವರ್ಷ ತನ್ನದೇ ಗದ್ದಲದಲ್ಲಿ ಜನರೇಟರ್ ಅಲ್ಲಿ ಹುಟ್ಟಿದ ಒಂದು ಕೂಸಿನ ದನಿಯನ್ನೂ ಕೇಳಿರಲಿಲ್ಲ.

"ಕೂಸಿನ ಅಳು ಇಷ್ಟು ಚೆನ್ನಾಗಿರುತ್ತದೆಯೇ?" ಎಂದು ಮೆಲ್ಲಗೆ ಕೇಳಿತು.