ಅಲ್ಲಾಡುವ ಗೇರು ಮತ್ತು ಪುಟ್ಟಾಚಾರರ ಒಂದು ಮಾತು

ಹಿರಿಯೂರಿನಲ್ಲಿ ಪುಟ್ಟಾಚಾರ್ ಎಂಬ ಮೆಕ್ಯಾನಿಕ್ ಇದ್ದರು. ಕಾರು ಶೆಡ್ಡಿನೊಳಗೆ ಬರುವ ಮೊದಲೇ ಅದರ ಸದ್ದು ಕೇಳಿ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಅವರು ಹೇಳಿದ ಮೇಲೆ ಆ ಊರಿನಲ್ಲಿ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. ಅವರ ಕೈಕೆಳಗೆ ಶೈಲಜಾ ಎಂಬಾಕೆ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಎಸ್ತರಮ್ಮ ತಮ್ಮ ಹಳೆಯ ಕಾರನ್ನು ತಂದು ನಿಲ್ಲಿಸಿದರು. ಆಕೆ ನಿವೃತ್ತ ನರ್ಸು. ತಮ್ಮ ಬೀದಿಯ ಇಬ್ಬರು ರೋಗಿಗಳನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಚಿತ್ರದುರ್ಗಕ್ಕೆ ತಾವೇ ಕಾರಿನಲ್ಲಿ ಕರೆದೊಯ್ಯುತ್ತಿದ್ದರು.

"ಗೇರು ನಿಂತಲ್ಲಿ ನಿಲ್ತಿಲ್ಲ ಆಚಾರ್ರೇ. ಪಾಯಸದ ಪಾತ್ರೇಲಿ ಸೌಟು ಆಡಿದ ಹಾಗೆ ಆಡುತ್ತೆ. ಮೂರನೇದು ಅಂತ ಹಾಕಿದ್ರೆ ಒಂದನೇದಕ್ಕೆ ಬಿದ್ದಿರುತ್ತೆ. ನಿನ್ನೆ ಲಾರಿ ಹಿಂದಿಂದ ಬಂದು ಗುದ್ದೋದೊಂದು ಬಾಕಿ ಇತ್ತು."

ಪುಟ್ಟಾಚಾರ್ ಸೀಟಿನಲ್ಲಿ ಕೂತು ಗೇರನ್ನು ಎರಡು ಸಲ ಆಡಿಸಿದರು.

"ಗೇರ್‌ಬಾಕ್ಸೇ ಸವೆದಿದೆ ತಾಯಿ. ಇಳಿಸಿ ಬಿಚ್ಚಬೇಕು. ಐದು ದಿನ ಬೇಕು."

ಎಸ್ತರಮ್ಮನ ಮುಖ ಬಾಡಿತು. "ನಾಡಿದ್ದು ಗುರುವಾರ ಅವರನ್ನ ಕರ್ಕೊಂಡು ಹೋಗ್ಬೇಕಲ್ಲ! ಬಸ್ಸಲ್ಲಿ ಕೂರೋ ಶಕ್ತಿ ಅವರಿಗಿಲ್ಲ."

ಶೆಡ್ಡಿನಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಅವರೆದುರಿಗೆ ಬಾಯಿ ಬಿಡಲು ಶೈಲಜಾ ಹಿಂಜರಿದಳು. ಆದರೂ ಆ ಇಬ್ಬರು ರೋಗಿಗಳ ನೆನಪಾಗಿ ತಡೆಯಲಾಗಲಿಲ್ಲ.

"ಮೇಸ್ತ್ರಿ, ಬಿಚ್ಚೋ ಮುಂಚೆ ಒಂದ್ಸಲ ಕೆಳಗಡೆ ನೋಡ್ಲಾ? ನೀವು ಗೇರು ಆಡಿಸ್ತಾ ಇರಿ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಟ್ಟಾಚಾರರ ಹುಬ್ಬು ಗಂಟಾಯಿತು. ಆದರೂ ಗೇರಿನ ಮೇಲೆ ಕೈಯಿಟ್ಟು, "ನೋಡು" ಎಂದರು.

ಶೈಲಜಾ ಕಾರಿನ ಕೆಳಗೆ ನುಸುಳಿದಳು. ಮೇಲೆ ಗೇರು ಅಲ್ಲಾಡುತ್ತಿತ್ತು. ಕೆಳಗೆ ಅದು ಎಳೆಯಬೇಕಾದ ಕಂಬಿ ಮಾತ್ರ ಜಗ್ಗದೆ ನಿಂತಿತ್ತು. ಎರಡೂ ಸೇರುವ ಜಾಗದಲ್ಲಿ ಅವನ್ನು ಬಿಗಿಯಾಗಿ ಹಿಡಿದಿಡುವ, ಉಂಗುರದಷ್ಟು ಚಿಕ್ಕ ಪ್ಲಾಸ್ಟಿಕ್ ಬುಷ್ ಒಂದಿರುತ್ತದೆ. ಅದು ಸವೆದು ಪುಡಿಪುಡಿಯಾಗಿತ್ತು.

"ಗೇರ್‌ಬಾಕ್ಸ್ ಗಟ್ಟಿಯಾಗಿದೆ ಮೇಸ್ತ್ರಿ. ಹೋಗಿರೋದು ಬುಷ್ ಅಷ್ಟೇ ಅನ್ಸುತ್ತೆ."

ಪುಟ್ಟಾಚಾರ್ ಇಳಿದು, ಕನ್ನಡಕ ಏರಿಸಿಕೊಂಡು, ಮೊಣಕಾಲು ನೋವಿನಲ್ಲೇ ನೆಲಕ್ಕೆ ಮಲಗಿ ತಾವೂ ಕೆಳಗೆ ನುಸುಳಿದರು. ಕೈಯಿಟ್ಟು ನೋಡಿದರು. ಹೊರಗೆ ಬಂದಾಗ ಬೆನ್ನೆಲ್ಲ ಮಣ್ಣಾಗಿತ್ತು.

"ನಾನು ಹೇಳಿದ್ದು ತಪ್ಪು. ಶೈಲಜಾ ಹೇಳಿದ್ದೇ ಸರಿ." ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆಮೇಲೆ ಪಾನಾವನ್ನು ಆಕೆಯ ಕೈಗೆ ಕೊಟ್ಟರು. "ನೀನೇ ಹಾಕು. ನಾನು ಮೇಲೆ ಕೂತು ಗೇರು ಹಿಡಿದಿರ್ತೀನಿ."

ಹೊಸ ಬುಷ್ ತರಿಸಿ ಕೂರಿಸಿದ್ದಾಯಿತು. ಶೈಲಜಾ ಕಾರನ್ನು ರಸ್ತೆಗಿಳಿಸಿ, ಏರು ಹತ್ತಿಸಿ, ಐದೂ ಗೇರು ಹಾಕಿ, ರಿವರ್ಸ್ ಕೂಡ ನೋಡಿಕೊಂಡು ಬಂದಳು. ಒಂದೊಂದೂ ಟಕ್ಕನೆ ಕೂರುತ್ತಿತ್ತು. ಮಧ್ಯಾಹ್ನದೊಳಗೆ ಎಸ್ತರಮ್ಮ ಕಾರು ಒಯ್ದರು. ಗುರುವಾರ ಇಬ್ಬರು ರೋಗಿಗಳೂ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಿದರು.

ಇದನ್ನೆಲ್ಲ ನೋಡಿದ್ದ ಗಿರಾಕಿಯೊಬ್ಬ ಆ ದಿನವೇ ಕೇಳಿದ್ದ: "ಅಷ್ಟು ಜನರ ಮುಂದೆ ತಪ್ಪು ಒಪ್ಕೊಂಡ್ರಲ್ಲ ಆಚಾರ್ರೇ, ನಿಮಗೇನೂ ಅನ್ನಿಸಲಿಲ್ವಾ?"

"ಅನ್ನಿಸ್ತಪ್ಪ, ಯಾಕೆ ಸುಳ್ಳು ಹೇಳ್ಲಿ" ಎಂದರು ಪುಟ್ಟಾಚಾರ್. "ಆದ್ರೆ ನನ್ನ ಮಾತು ಗೆಲ್ಲಿಸೋಕೆ ಸರಿಯಾಗಿರೋ ಗೇರ್‌ಬಾಕ್ಸ್ ಬಿಚ್ಚಿದ್ರೆ, ಗುರುವಾರ ಆ ಇಬ್ಬರು ಮನೇಲೇ ಮಲಗಿರ್ತಿದ್ರು."

ಆ ಶೆಡ್ಡಿಗೆ ಬರುವ ಜನ ಶೈಲಜಾಳನ್ನು ಅಂದಿನಿಂದ 'ಮೇಸ್ತ್ರಿ' ಎಂದೇ ಕರೆಯತೊಡಗಿದರು. ಪುಟ್ಟಾಚಾರರ ಮೇಲಿನ ಗೌರವವಂತೂ ಇಮ್ಮಡಿಯಾಯಿತು.

ನೀತಿ: ನಮ್ಮ ಮಾತು ಗೆಲ್ಲುವುದಕ್ಕಿಂತ ಎದುರಿಗಿರುವವರ ಕಷ್ಟ ತೀರುವುದು ದೊಡ್ಡದು. ಕಿರಿಯರು ಸರಿ ಹೇಳಿದಾಗ ಬಗ್ಗಿ ನೋಡಿ ಒಪ್ಪಿಕೊಳ್ಳುವವರೇ ನಿಜವಾದ ಹಿರಿಯರು.