ಚುಕ್ಕಿ ಚೇಳನ್ನು ಎಳೆದ ಕದಿರಪ್ಪ

ಬಹಳ ಹಿಂದೆ, ಗಡಿಯಾರವೆಂಬುದನ್ನು ಯಾರೂ ಕಾಣದ ಕಾಲಕ್ಕೆ, ಒಂದೂರಿನಲ್ಲಿ ಕದಿರಪ್ಪನೆಂಬ ನೀರುಗಂಟಿ ಇದ್ದನಂತೆ. ಕೆರೆಯ ತೂಬು ತೆಗೆದು, ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುವ ಕೆಲಸ ಅವನದು. ಆಸಾಮಿ ಒಂದು ಕಡೆ ಕೂತವನಲ್ಲವಂತೆ. ರಾತ್ರಿಯಿಡೀ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಸುತ್ತುತ್ತಿದ್ದನಂತೆ, ಕಣ್ಣು ಮಾತ್ರ ಆಕಾಶದಲ್ಲಿ. ಅವನು ತುಳಿದು ತುಳಿದೇ ಏರಿ ಒಂದು ಮೊಳ ತಗ್ಗಾಯಿತು ಎನ್ನುತ್ತಾರೆ. ಸುಳ್ಳು. ನಾನೇ ಅಳೆದಿದ್ದೇನೆ, ಒಂದೂವರೆ ಮೊಳ.

ಆ ವರ್ಷ ಕೆರೆ ಅರ್ಧವೇ ತುಂಬಿತ್ತಂತೆ. ಹಗಲಿನ ನೀರು ಊರವರಿಗೆಲ್ಲ, ರಾತ್ರಿಯದು ಇಬ್ಬರಿಗೆ: ಪಟೇಲ ಮುದ್ದೇಗೌಡನ ದೊಡ್ಡ ಬಯಲಿಗೆ, ಕಾಲುವೆಯ ಕೊನೆಯಲ್ಲಿದ್ದ ಈರಕ್ಕನ ಒಂದೇ ಒಂದು ಗದ್ದೆಗೆ. ಈರಕ್ಕನಿಗೆ ಗಂಡನಿಲ್ಲ. ಆ ಗದ್ದೆ ಒಣಗಿದರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕು. ಪಟೇಲನಿಗೂ ಅದು ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು.

ಪುಷ್ಯ ಮಾಸದಲ್ಲಿ ಪಾಳಿ ಗೊತ್ತುಮಾಡಲು ಕೂತರಂತೆ. ರಾತ್ರಿಯನ್ನು ಎಲ್ಲಿ ಕತ್ತರಿಸುವುದು? ಆಗ್ನೇಯದ ಗುಡ್ಡದ ಮೇಲೆ ಚೇಳಿನಂಥ ಚುಕ್ಕಿಗಳು ಹುಟ್ಟುತ್ತವಲ್ಲ, ಅದನ್ನೇ ಗುರುತು ಇಟ್ಟುಕೊಳ್ಳಿ ಎಂದನಂತೆ ಕದಿರಪ್ಪ. ಪಟೇಲ ಎರಡು ರಾತ್ರಿ ಆಳು ಕೂರಿಸಿ ನೋಡಿಸಿದ. ಚೇಳು ಮೂಡುವುದು ಇನ್ನೇನು ಕೋಳಿ ಕೂಗಬೇಕು ಎನ್ನುವಾಗ! ಹಿಗ್ಗಿ ಹೀರೇಕಾಯಿಯಾದ. ತೂಬಿನ ಕಲ್ಲಿನ ಮೇಲೆ ಕೈಯಿಟ್ಟು, ಕತ್ತಲಾದಾಗಿನಿಂದ ಚೇಳು ಮೂಡುವವರೆಗೆ ನೀರು ತನಗೆ, ಅಲ್ಲಿಂದ ಬೆಳಗಿನವರೆಗೆ ಈರಕ್ಕನಿಗೆ, ಕೊಯ್ಲಿನ ತನಕ ಇದೇ ಮಾತು ಎಂದು ಆಣೆಯಿಟ್ಟ. ಆ ಕಲ್ಲಿನ ಆಣೆ ತಪ್ಪಿದರೆ ಏರಿ ಒಡೆಯುತ್ತದೆಂದು ನಂಬಿದ್ದ ಕಾಲ.

ಮಾಘ ಬಂತು, ನಡುರಾತ್ರಿ ಕಳೆಯುತ್ತಲೇ ಚೇಳೂ ಬಂತು. ಫಾಲ್ಗುಣದಲ್ಲಿ ನಡುರಾತ್ರಿಗೂ ಮುಂಚೆಯೇ ಬಂತು. ಚೈತ್ರದಲ್ಲಿ ಪಟೇಲ ಉಂಡು ಕೈ ತೊಳೆದು ಹೊರಗೆ ಬಂದರೆ ಚೇಳು ಗುಡ್ಡದ ಮೇಲೆ ಹಾಜರ್! ಬಯಲು ಬಿರುಕುಬಿಟ್ಟಿತು. ಈರಕ್ಕನ ತೆನೆ ಹಾಲು ತುಂಬತೊಡಗಿತು. ಆದರೂ ಅವಳಿಗೆ ನಿದ್ದೆಯಿಲ್ಲ, ಪಟೇಲ ಯಾವಾಗ ಏನು ಮಾಡುವನೋ ಎಂದು ರಾತ್ರಿಗೆ ಮೂರು ಸಲ ಗದ್ದೆಗೆ ಓಡುವಳಂತೆ. ಕದಿರಪ್ಪನೇ ಚೇಳಿನ ಕೊಂಡಿಗೆ ಹಗ್ಗ ಬಿಗಿದು ದಿನಕ್ಕಿಷ್ಟು ಎಳೆಯುತ್ತಾನೆಂದು ಊರು ಮಾತಾಡಿಕೊಂಡಿತು. ಆ ಹಗ್ಗ ನಮ್ಮ ಅಟ್ಟದಲ್ಲೇ ಇತ್ತು. ಇಲಿ ತಿಂದವು, ಇಲ್ಲದಿದ್ದರೆ ತೋರಿಸುತ್ತಿದ್ದೆ.

ಒಂದು ರಾತ್ರಿ ಪಟೇಲ ಏರಿಗೇ ಬಂದ. “ಲೋ ಕದಿರ, ಚೇಳಿಗೇನೋ ಮಾಡ್ದೆ?”

“ನಾನೇನ್ ಮಾಡ್ಲಿ ಬುದ್ಧಿ? ಅದು ದಿನಾ ಒಂದು ಎಲೆಯಡಿಕೆ ಜಗಿಯೋ ಹೊತ್ತು ಮುಂಚೆ ಬತ್ತದೆ. ನಮ್ಮಜ್ಜನ ಕಾಲದಿಂದ್ಲೂ ಹಂಗೇಯ. ತಾವು ನೋಡ್ಸಿದ್ದು ಎರಡೇ ರಾತ್ರಿ.”

“ಬಾಯ್ಮುಚ್ಚು! ಅವಳ ಗದ್ದೆಗೆ ಹೋಗೋ ನೀರು ಕಟ್ಟು.”

ಕದಿರಪ್ಪ ಗುದ್ದಲಿಯನ್ನು ಪಟೇಲನ ಕೈಗೇ ಕೊಟ್ಟ. “ಕಲ್ಲಿನ ಮೇಲೆ ಕೈಯಿಟ್ಟೋರು ತಾವು. ಕಟ್ಟೋದಾದ್ರೆ ತಾವೇ ಕಟ್ಬೇಕು.”

ಅಷ್ಟರಲ್ಲಿ ಈರಕ್ಕ ಓಡಿಬಂದು ಕಾಲುವೆಯೊಳಗೇ ನಿಂತಳಂತೆ. “ಕಟ್ಟಿ ಗೌಡ್ರೇ. ನನ್ನನ್ನೂ ಸೇರಿಸಿ ಮಣ್ಣು ಎಳೀರಿ.”

ಪಟೇಲ ಗುದ್ದಲಿ ಎತ್ತಿದ. ಆಗ ಗುಡುಗುಡು ಎಂದು ಸದ್ದು ಬಂತಂತೆ. ಏರಿ ನರಳಿತು ಎನ್ನುವವರಿದ್ದಾರೆ, ಪಟೇಲನ ಹೊಟ್ಟೆ ಎನ್ನುವವರೂ ಇದ್ದಾರೆ. ಗುದ್ದಲಿ ಬಿಸಾಕಿ ಮನೆ ಸೇರಿದವನು ಕೊಯ್ಲು ಮುಗಿಯುವ ತನಕ ಆ ಕಡೆ ತಲೆ ಹಾಕಲಿಲ್ಲ. ಈರಕ್ಕ ಊರು ಬಿಡಲಿಲ್ಲ.

ಈಗಲೂ ಆ ಊರಲ್ಲಿ ತೂಬು ತೆಗೆದ ಮೊದಲ ದಿನ, ನೀರು ಮುಂಚೆ ಕಾಲುವೆಯ ಕೊನೆಯ ಗದ್ದೆ ಮುಟ್ಟಬೇಕು. ಮುಟ್ಟಿದ ಮೇಲೆ ಅಲ್ಲಿಂದ ಒಬ್ಬ ಹೆಂಗಸು “ಬಂತಪ್ಪೋ ಕದಿರಪ್ಪಾ!” ಎಂದು ಕೂಗಬೇಕು. ಆ ಕೂಗು ಕೇಳಿಸುವವರೆಗೆ ದೊಡ್ಡ ಬಯಲಿನವರು ಯಾರೂ ತಮ್ಮ ಗದ್ದೆಗೆ ಒಂದು ಹನಿ ತಿರುಗಿಸುವುದಿಲ್ಲ.